ಹರಡಿನ ಆಪರೇಷನ್: ಕೊಯ್ಯುವ ಮುಂಚೆ ನಾನು ನೋಡುವುದು

ಬಾಗಲಕೋಟೆಯಲ್ಲಿ ಎಲುಬಿನ ಡಾಕ್ಟರಾದವನಿಗೆ ಕಬ್ಬಿನ ಹಂಗಾಮಿನಲ್ಲಿ ಪುರಸೊತ್ತಿಲ್ಲ. ಟ್ರೇಲರಿನಿಂದ ಜಿಗಿದವರು, ಬೈಕಿನಿಂದ ಬಿದ್ದವರು, ಬದುವಿನ ಮೇಲೆ ಪಾದ ಹೊರಳಿಸಿಕೊಂಡವರು ಬರುತ್ತಲೇ ಇರುತ್ತಾರೆ. ಕೆಲವರು ಊರಲ್ಲೇ ಬಿಗಿಯಾಗಿ ಕಟ್ಟು ಹಾಕಿಸಿಕೊಂಡು ಬಂದಿರುತ್ತಾರೆ. ಬಿಚ್ಚಿದರೆ ಒಳಗೆ ನೀರುಗುಳ್ಳೆ.

"ಇವತ್ತ ಮಾಡಿ ಬಿಡ್ರಿ ಸಾಹೇಬ್ರ, ಕಬ್ಬಿನ ಪಾಳಿ ಬಂದೈತಿ" ಅನ್ನುತ್ತಾರೆ. ಕೀಲು ಜಾರಿದ್ದರೆ ಆಗಲೇ ಎಳೆದು ಕೂಡಿಸುತ್ತೇನೆ, ಎಲುಬು ಹೊರಬಂದಿದ್ದರೆ ತಡ ಮಾಡುವುದಿಲ್ಲ. ಉಳಿದವರಿಗೆ ಸ್ಲ್ಯಾಬ್, ಅಂದರೆ ಅರ್ಧ ಪ್ಲಾಸ್ಟರ್ ಕಟ್ಟು, ಹಾಕಿ ಕಾಲು ಎತ್ತರಕ್ಕಿಡಿಸುತ್ತೇನೆ. ಹರಡು ಅಂದರೆ ಕಾಲು, ಪಾದ ಕೂಡುವ ಗಂಟು. ಅದರ ಮೇಲೆ ಮಾಂಸವಿಲ್ಲ, ತೊಗಲಿನ ಕೆಳಗೆ ನೇರ ಎಲುಬು. ಬಾವಿನ ಮೇಲೆ ಕೊಯ್ದರೆ ಗಾಯ ಬಿಚ್ಚಿಕೊಂಡು ಎಲುಬಿಗೆ ಹಾಕಿದ ಲೋಹದ ಪ್ಲೇಟ್ ಕಾಣಬಹುದು. ಬಾವು ಇಳಿದು ತೊಗಲಿನಲ್ಲಿ ಸುಕ್ಕು ಮೂಡಲು ವಾರ ಬೇಕು, ಕೆಲವರಿಗೆ ಎರಡು ವಾರ.

ಅಷ್ಟರೊಳಗೆ ಎಕ್ಸ್‌ರೇ ಓದುತ್ತೇನೆ. ನೇರ ಮತ್ತು ಪಕ್ಕದ ಫಿಲ್ಮ್ ಸಾಲದು. ಕಾಲನ್ನು 15–20 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆದದ್ದೂ ಬೇಕು. ಮೊಣಕಾಲ ಕೆಳಗಿನ ದಪ್ಪ ಎಲುಬು ಟಿಬಿಯಾ, ಅದರ ಹೊರಮಗ್ಗುಲಿನ ಸಣ್ಣ ಎಲುಬು ಫಿಬುಲಾ ಕೂಡಿ ಕಟ್ಟಿದ ಚೌಕಟ್ಟಿನಲ್ಲಿ ಪಾದದ ಮೇಲಿನ ಎಲುಬು ಟೇಲಸ್ ಕೂತಿರುವುದು ಅದರಲ್ಲೇ ಸರಿಯಾಗಿ ಕಾಣುತ್ತದೆ. ಟೇಲಸ್ ಹೊರಕ್ಕೆ 1 ಮಿಲಿಮೀಟರ್ ಸರಿದರೂ ಕೀಲಿನ ಸಂಪರ್ಕದ ಜಾಗ ಸರಾಸರಿ ಶೇ. 42ರಷ್ಟು ಕಡಿಮೆಯಾಗುತ್ತದೆ ಎಂದು ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು 1976ರಲ್ಲಿ ತೋರಿಸಿದರು. ಹೀಗಾಗಿ ಫಿಬುಲಾ ಗಿಡ್ಡವಾಗಿ ಕೂಡಲು ನಾನು ಬಿಡುವುದಿಲ್ಲ. ಅದು ಗಿಡ್ಡಾದರೆ ಟೇಲಸ್ ಹೊರಕ್ಕೆ ವಾಲುತ್ತದೆ, ಮುಂದೆ ಕೀಲು ಸವೆಯುತ್ತದೆ.

ಹೊರಮಗ್ಗುಲಲ್ಲಿ ಕೊಯ್ಯುವಾಗ ಗಾಯ ಮೇಲಕ್ಕೆ ಹೋದಷ್ಟೂ ಕೈ ನಿಧಾನ ಮಾಡುತ್ತೇನೆ. ಹರಡಿನ ತುದಿಯಿಂದ ಸುಮಾರು 10–12 ಸೆಂಟಿಮೀಟರ್ ಮೇಲೆ ಸೂಪರ್‌ಫಿಶಿಯಲ್ ಪೆರೋನಿಯಲ್ ನರ ಪೊರೆ ಸೀಳಿ ಹೊರಬರುತ್ತದೆ. ಎಲ್ಲರಲ್ಲೂ ಅದೇ ಜಾಗದಲ್ಲಲ್ಲ. ತುಂಡಾದರೆ ಪಾದದ ಮೇಲ್ಭಾಗ ಜೋಮು.

ಪ್ಲೇಟ್ ಕೂಡಿಸಿದ ಮೇಲೆ ಫಿಬುಲಾಕ್ಕೆ ಹುಕ್ ಹಾಕಿ ಹೊರಕ್ಕೆ ಎಳೆದು, ಆಪರೇಷನ್ ಟೇಬಲ್ಲಿನಲ್ಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದಲ್ಲಿ ನೋಡುತ್ತೇನೆ. ಎರಡೆಲುಬಿನ ನಡುವಿನ ಸಂದು ಬಾಯಿ ತೆರೆದರೆ ಅವೆರಡನ್ನೂ ಹಿಡಿದಿಡುವ ಕಟ್ಟು, ಸಿಂಡೆಸ್ಮೋಸಿಸ್, ಹರಿದಿದೆ, ಸ್ಕ್ರೂ ಬೇಕು. ಇಲ್ಲಿ ಹೊಸಬರು ಎಡವುತ್ತಾರೆ: ಡ್ರಿಲ್ಲನ್ನು ಪಕ್ಕದಿಂದ ನೇರ ಹಿಡಿಯುತ್ತಾರೆ. ಅವರ ಕೈಗೆ ನಮ್ಮಲ್ಲಿರುವ ಒಣ ಎಲುಬು ಕೊಟ್ಟು ಟಿಬಿಯಾದ ತಗ್ಗಿನಲ್ಲಿ ಫಿಬುಲಾ ಕೂಡಿಸಲು ಹೇಳುತ್ತೇನೆ. ಕೂಡಿಸಿದೊಡನೆ ಗೊತ್ತಾಗುತ್ತದೆ: ಫಿಬುಲಾ ಇರುವುದು ಪಕ್ಕಕ್ಕಲ್ಲ, ಪಕ್ಕದ ಹಿಂದಕ್ಕೆ. ಆದ್ದರಿಂದ ಸ್ಕ್ರೂ ಹಿಂದಿನಿಂದ ಮುಂದಕ್ಕೆ 25–30 ಡಿಗ್ರಿ ಓರೆಯಾಗಿ, ಕೀಲಿಗೆ ಸಮಾಂತರವಾಗಿ, ಅದರಿಂದ 2–3 ಸೆಂಟಿಮೀಟರ್ ಮೇಲೆ ಹೋಗಬೇಕು. ಅದಕ್ಕೂ ಮುಂಚೆ ಫಿಬುಲಾ ಆ ತಗ್ಗಿನಲ್ಲೇ ಕೂತಿದೆಯೇ ನೋಡಬೇಕು. ತಪ್ಪು ಜಾಗದಲ್ಲಿ ಬಿಗಿ ಮಾಡಿದರೆ ಸಡಿಲ ಬಿಟ್ಟದ್ದಕ್ಕಿಂತ ಕಷ್ಟ.

ಒಳಹರಡಿಗೆ ನನ್ನ ಸ್ಕ್ರೂ ಮುಂದಿನ ಉಬ್ಬಿನಲ್ಲೇ. ಹಿಂದೆ ಸರಿದರೆ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಉಜ್ಜುತ್ತದೆ.

ಬಿಡುಗಡೆಯ ದಿನ ನಮ್ಮ ಕಡೆಯವರು ಕೇಳುವ ಮೊದಲ ಮಾತು, "ಕುಕ್ಕರಗಾಲಿಲೆ ಕೂಡ್ಲಿಕ್ಕೆ ಬರತೈತೇನ್ರಿ?" ಹೊಲ, ಶೌಚ ಎಲ್ಲದಕ್ಕೂ ಅದು ಬೇಕಲ್ಲ. ಟೇಲಸ್ ಮುಂದೆ ಅಗಲ, ಹಿಂದೆ ಕಿರಿದು. ಕುಕ್ಕರಿಸಿದಾಗ ಅಗಲದ ಭಾಗ ಚೌಕಟ್ಟಿನೊಳಕ್ಕೆ ಬಂದು ಬಿಗಿಯಾಗುತ್ತದೆ. ಗಾಯ ಒಣಗಿದೊಡನೆ ಪಾದ ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಶುರು ಮಾಡಿಸುತ್ತೇನೆ. ಕುಕ್ಕರಿಸುವುದು ಮಾತ್ರ ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆ, ಅಲ್ಲಿಯತನಕ ಕಮೋಡ್ ಕುರ್ಚಿ.