ತೊಟ್ಟಿಮನೆಯ ಹಿತ್ತಲಿನಲ್ಲಿ ಬೇಸಿಗೆಯ ತರಕಾರಿ ಮತ್ತು ಹೂವು

ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ತೊಟ್ಟಿಮನೆ ಶತಮಾನ ದಾಟಿದ್ದು. ಅದರ ಗೋಡೆ ಮಣ್ಣಿನದು, ಕಂಬ ತೊಲೆಗಳು ಹಲಸು ಮತ್ತು ಬೋಗಿ ಮರದವು. ಬೇಸಿಗೆಯಲ್ಲಿ ಗಿಡಕ್ಕೆ ಬೇಕಾದ ತೇವವಾಗಲಿ, ಬುಡಕ್ಕೆ ಹೊದಿಸುವ ಒಣ ಎಲೆಯ ದರಗಾಗಲಿ ಇಂಥ ಮನೆಗೆ ಆಗಿಬರುವುದಿಲ್ಲ. ತೇವ ಗೋಡೆಯ ಬುಡದಿಂದ ಮೇಲಕ್ಕೇರುತ್ತದೆ. ದರಗಿಗೆ ಬಂದ ಗೆದ್ದಲು ತೊಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಗೋಡೆಯಿಂದ ಎಂಟು ಅಡಿಯವರೆಗೆ ಏನನ್ನೂ ನೆಡದೆ, ಆ ಜಾಗವನ್ನು ಸಗಣಿ ಸಾರಿಸಿದ ಅಂಗಳವಾಗಿಯೇ ಉಳಿಸಿಕೊಂಡೆ. ಕುಂಬಳದ ಬಳ್ಳಿಯನ್ನು ಮಾಡಿಗೆ ಹಬ್ಬಿಸುವ ರೂಢಿ ಊರಿನಲ್ಲಿದ್ದರೂ ನಾನು ಒಪ್ಪಲಿಲ್ಲ. ಕಾಯಿ ಕೊಯ್ಯಲು ಹತ್ತುವವರ ಕಾಲಿಗೆ ಸರಿದ ಹೆಂಚಿನ ಲೆಕ್ಕ ಮಳೆಗಾಲದಲ್ಲಿ ಸಿಗುತ್ತದೆ.

ನಮ್ಮ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ದು ನೆಲವನ್ನು ಹುಳಿಯಾಗಿಸುತ್ತದೆ. ಭತ್ತದ ಕೊಯ್ಲು ಮುಗಿದೊಡನೆ ಹಿತ್ತಲನ್ನು ಅಗೆದು ಸುಣ್ಣ ಬೀರಿ, ಎರಡು ಮೂರು ವಾರ ಕಳೆದ ಮೇಲೆಯೇ ಕೊಟ್ಟಿಗೆ ಗೊಬ್ಬರ ಸೇರಿಸುತ್ತೇನೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಜನವರಿಯಲ್ಲಿ ಬೆಂಡೆ, ಅಲಸಂದೆ, ಹೀರೆ, ಮೊಗೆಕಾಯಿ ಬೀಜಗಳನ್ನು ರಾತ್ರಿ ನೆನೆಸಿ ಊರುತ್ತೇನೆ. ಹರಿವೆ ಬೀಜ ಬಹಳ ಸಣ್ಣದಾದ್ದರಿಂದ ಒಣಮರಳಿನೊಂದಿಗೆ ಬೆರೆಸಿ ಚೆಲ್ಲಿದರೆ ಒತ್ತಾಗುವುದಿಲ್ಲ. ತಿಂಗಳೊಳಗೆ ಸೊಪ್ಪು ಸಾರಿಗೆ ಬರುತ್ತದೆ. ಬಸಳೆ ಚಪ್ಪರವನ್ನು ಬಚ್ಚಲು ನೀರು ಹರಿಯುವ ತಗ್ಗಿನಲ್ಲಿ ಹಾಕಿದ್ದೇನೆ. ಬೆಂಡೆಗೆ ನಾನು ಆರಿಸಿಕೊಂಡದ್ದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ. ಬಿಳಿನೊಣ ಹರಡುವ ಹಳದಿ ನರ ರೋಗವನ್ನು ತಡೆದುಕೊಳ್ಳಲೆಂದೇ ರೂಪಿಸಿದ ತಳಿಯಾದರೂ ಈಗ ಅದನ್ನೇ ಪೂರ್ತಿ ನಂಬುವಂತಿಲ್ಲ. ಎಲೆ ಹಳದಿಗೆ ತಿರುಗಿದ ಗಿಡವನ್ನು ಅಂದೇ ಕಿತ್ತು ಸುಡುತ್ತೇನೆ.

ಕುಂಬಳದ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಬಾಡುವುದರಿಂದ, ಜೇನು ಕಾಣದ ದಿನಗಳಲ್ಲಿ ಎಂಟು ಗಂಟೆಯೊಳಗೆ ಗಂಡು ಹೂವಿನ ಪರಾಗವನ್ನು ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣು ಹೂವಿಗೆ ಕೈಯಿಂದಲೇ ಸವರುತ್ತೇನೆ. ಮಂಗಗಳಿಗೆ ಮಾತ್ರ ನಾಯಿಯೊಂದೇ ಗತಿ.

ಹೂವಿಗೆ ಪ್ರತ್ಯೇಕ ಜಾಗ ಇಟ್ಟಿಲ್ಲ. ಬದನೆ ಮತ್ತು ಬೆಂಡೆಯ ಸಾಲುಗಳ ನಡುವೆ ಗೊಂಡೆ ಹೂವನ್ನು ಹಾಕುತ್ತೇನೆ. ಅದರ ಬೇರಿನ ರಾಸಾಯನಿಕ ಬೇರುಗಂಟು ಉಂಟುಮಾಡುವ ಜಂತುಹುಳುಗಳನ್ನು ಕುಗ್ಗಿಸುತ್ತದೆ. ಅಬ್ಬಲಿಗೆ ಅರೆನೆರಳಿನಲ್ಲೂ ಬರುವುದರಿಂದ ಅಡಿಕೆ ತೋಟದ ಅಂಚಿಗಿದೆ. ತುಳಸಿಕಟ್ಟೆಯ ಸುತ್ತ ಹಳೆಯ ನಂದಿಬಟ್ಟಲು ಮತ್ತು ದಾಸವಾಳಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಹೊಸ ಬಣ್ಣದ ಕಸಿ ಗಿಡಗಳು ಆ ಅಂಗಳಕ್ಕೆ ಒಪ್ಪುವುದಿಲ್ಲವೆಂಬುದು ನನ್ನ ಹಟ.

ಏಪ್ರಿಲ್‌ನಲ್ಲಿ ಬಾವಿಯ ನೀರು ಇಳಿದಾಗ ಸಂಜೆ ಮಾತ್ರ, ಬುಡಕ್ಕೆ ಮಾತ್ರ ನೀರು ಕೊಡುತ್ತೇನೆ. ಬಲಿತ ಮೊಗೆಕಾಯಿಗಳನ್ನು ಜೂನ್ ಮಳೆಗೆ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿದರೆ ಮಳೆಗಾಲದ ಹುಳಿಗೆ ತರಕಾರಿಯಾಗುತ್ತದೆ. ಬಳ್ಳಿ ಕಿತ್ತು ತೆರವಾದ ಏರುಮಡಿಗಳಿಗೆ ಡೇರೆ (ಡೇಲಿಯಾ) ಹೂವಿನ ಗೆಡ್ಡೆಗಳನ್ನು ಇಳಿಸುತ್ತೇನೆ.