ಯುಕೆ ಕೇರ್ ವೀಸಾ ಎಂದರೆ ಮೊದಲು ನಾಲ್ಕಂಕಿಯ ಕೋಡ್ ಕೇಳಿ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನರ್ಸಿಂಗ್ ಮುಗಿಸಿದವರಿಗೆ "ಕೇರ್ ವರ್ಕರ್ ವೀಸಾ ಇದೆ, ಹಣ ಕಟ್ಟಿ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಹೊರದೇಶದಿಂದ ಹೊಸ ಕೇರ್ ವರ್ಕರ್ ನೇಮಕ 2025ರ ಜುಲೈ 22ಕ್ಕೆ ಮುಚ್ಚಿದೆ. ವೃದ್ಧರ ಆರೈಕೆಗೆ ಜನ ಸಾಲದೆ 2022ರಲ್ಲಿ ತೆರೆದ ದಾರಿ ಅದು. ವಲಸೆ ಅತಿಯಾಯಿತೆಂಬ ಗದ್ದಲಕ್ಕೆ 2024ರ ಮಾರ್ಚ್ 11ರಿಂದ ಸಂಗಾತಿ, ಮಕ್ಕಳನ್ನು ಕರೆದೊಯ್ಯುವುದು ನಿಂತಿತು, ಮರುವರ್ಷ ದಾರಿಯೇ ಮುಚ್ಚಿತು. ಜನ ಸಿಗುತ್ತಿಲ್ಲ ಎಂದು ಆರೈಕೆ ಸಂಸ್ಥೆಗಳು ಇನ್ನೂ ಕೂಗುತ್ತಲೇ ಇವೆ. ಆ ಕೂಗನ್ನೇ ತೋರಿಸಿ ಇಲ್ಲದ ವೀಸಾ ಮಾರುವವರಿದ್ದಾರೆ.

ನರ್ಸ್‌ಗಳ ದಾರಿ ತೆರೆದಿದೆ. ಕೆಲಸ ಕೊಡುವ ಬ್ರಿಟನ್ನಿನ ಸಂಸ್ಥೆ ವೀಸಾಗಾಗಿ ನೀಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೈಗೆ ಬಂದಾಗ ಉದ್ಯೋಗದ ಕೋಡ್ ನೋಡಿ. 2231ರಿಂದ 2237ರೊಳಗಿದ್ದರೆ ಶುಶ್ರೂಷೆ, ಹೆರಿಗೆ ಕೆಲಸ. 6135 ಅಥವಾ 6136 ಇದ್ದರೆ ಅದೇ ಮುಚ್ಚಿದ ಬಾಗಿಲು. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿರುವ ಪರವಾನಗಿ ಪಡೆದ ಸ್ಪಾನ್ಸರ್‌ಗಳ ಪಟ್ಟಿಯಲ್ಲಿ ಆಸ್ಪತ್ರೆಯ ಹೆಸರು, ಊರು ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಹೆಸರು ಒಂದೇ, ಊರು ಬೇರೆ ಎಂಬಲ್ಲೇ ಮೋಸ ನಡೆಯುವುದು. ಸ್ಪಾನ್ಸರ್‌ಶಿಪ್ ಖರ್ಚನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ವಲಸಿಗರು ವರ್ಷಕ್ಕೆ ಕಟ್ಟುವ 1,035 ಪೌಂಡಿನ ಆರೋಗ್ಯ ಸರ್ಚಾರ್ಜೂ ನರ್ಸ್‌ಗಳ ಈ ವೀಸಾಗೆ ಇಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೇ ಎಂಬುದು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ.

ಕೆಲಸ ಹುಡುಕುವ ಮೊದಲು ಹೆಸರು ಸರಿಮಾಡಿಕೊಳ್ಳಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ದಾಖಲೆಯಲ್ಲಿ ಮತ್ತೊಂದು: ನಮ್ಮ ಕಡೆಯ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ಇಲ್ಲೇ.

ಆಮೇಲೆ ಇಂಗ್ಲಿಷ್. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಎನ್‌ಎಂಸಿಗೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತಿಗೆ 7, ಬರವಣಿಗೆಗೆ 6.5 ಬೇಕು. ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿಗೆ 83 ಪೌಂಡ್. ಅದರ ಮೊದಲ ಭಾಗ ಡೋಸ್ ಲೆಕ್ಕದ 15 ಪ್ರಶ್ನೆಗಳು: 1,000 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕಾದರೆ ಗಂಟೆಗೆ 125. ಸುಲಭವೇ, ಆದರೆ ಮಿಲಿಗ್ರಾಂ-ಮೈಕ್ರೋಗ್ರಾಂನಲ್ಲಿ ಸೊನ್ನೆ ತಪ್ಪುವವರು ಬಹಳ. ಕೈಯಲ್ಲಿ ಕೆಲಸ ಮಾಡಿ ತೋರಿಸುವ 794 ಪೌಂಡಿನ ಆಸ್ಕಿ ಪರೀಕ್ಷೆ ಅಲ್ಲಿಗೆ ಹೋದ ಮೇಲೆ. ಅದರ ಶುಲ್ಕ ಯಾರದೆಂದು ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ. ಕ್ಷಯ ಪರೀಕ್ಷೆಯನ್ನು ಬ್ರಿಟನ್ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಅದು ಬೆಂಗಳೂರಿನಲ್ಲಿದೆ, ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಸಾಕು. ಆ ಸರ್ಟಿಫಿಕೇಟಿನ ಆಯಸ್ಸು 6 ತಿಂಗಳು, ಬೇಗ ಮಾಡಿಸಿದರೆ ವ್ಯರ್ಥ.

ಕೊನೆಗೆ ಸಂಬಳ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಸ ನರ್ಸ್‌ಗಳ ವೇತನ ಶ್ರೇಣಿಯಾದ ಬ್ಯಾಂಡ್ 5ರ ಆರಂಭಿಕ ವೇತನ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್, ಅಂದರೆ ತಿಂಗಳಿಗೆ 2,587. ಪಿಂಚಣಿ 8.3 ಶೇಕಡಾ, ಸುಮಾರು 215. ತೆರಿಗೆ 265. ಸಾಮಾಜಿಕ ಭದ್ರತೆಯ ವಂತಿಗೆಯಾದ ನ್ಯಾಷನಲ್ ಇನ್ಶೂರೆನ್ಸ್ 123. ಕೈಗೆ ಬರುವುದು 1,984, ಬಾಡಿಗೆ ಇದರಲ್ಲೇ. 12,570 ಪೌಂಡಿನ ತೆರಿಗೆರಹಿತ ಮಿತಿ 2021ರಿಂದ ಕದಲಿಲ್ಲ, 2025ರ ನವೆಂಬರ್ ಬಜೆಟ್ ಅದನ್ನು 2031ರವರೆಗೆ ಹಾಗೇ ಇಟ್ಟಿದೆ. ಸಂಬಳ ಏರಿದಷ್ಟೂ ತೆರಿಗೆಗೆ ಸಿಗುವ ಪಾಲು ಹಿಗ್ಗುತ್ತದೆ. ಹಣ ಸಾಲದೆಂದು ಪಿಂಚಣಿಯಿಂದ ಹೊರಬರುವ ಫಾರ್ಮಿಗೆ ಮೊದಲ ತಿಂಗಳೇ ಸಹಿ ಹಾಕಬೇಡಿ, ಆಸ್ಪತ್ರೆ ಕಟ್ಟುವ ದೊಡ್ಡ ಪಾಲೂ ಅದರ ಜೊತೆಗೇ ಹೋಗುತ್ತದೆ.