ಮೊದಲು ಅಂಚೆಪೆಟ್ಟಿಗೆಯ ಮೇಲೆ ಹೆಸರು: ಸ್ಟುಟ್‌ಗಾರ್ಟ್‌ಗೆ ಬಂದಿಳಿದ ಕುಟುಂಬಗಳಿಗೆ

ಮನೆಯ ಬೀಗದ ಕೈ ಸಿಕ್ಕಿದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಪೆಟ್ಟಿಗೆ ಬಿಚ್ಚುವ ಮೊದಲು, ಹಾಲುಕ್ಕಿಸುವ ಮೊದಲು, ಕೆಳಗಿನ ಅಂಚೆಪೆಟ್ಟಿಗೆಗೂ ಕರೆಗಂಟೆಗೂ ನಿಮ್ಮ ಹೆಸರು ಅಂಟಿಸಿ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಕಟ್ಟಡದ ಸಂಖ್ಯೆ ಇರುತ್ತದೆಯೇ ಹೊರತು ಮನೆಯ ಸಂಖ್ಯೆ ಇರುವುದಿಲ್ಲ. ಅಂಚೆಯವರು ಹುಡುಕುವುದು ಹೆಸರನ್ನು. ಅದು ಕಾಣದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ.

ನಮ್ಮವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಮನೆಮಂದಿಗೆಲ್ಲ ಒಂದೇ ಕುಲನಾಮ ಇರುವುದು ವಾಡಿಕೆ. ನಮ್ಮಲ್ಲಿ ಗಂಡನ ಹೆಸರಿನ ಜೊತೆ ಊರು, ಹೆಂಡತಿಯ ಹೆಸರಿನ ಜೊತೆ ಅವರ ತಂದೆಯ ಹೆಸರು, ಮಗುವಿನ ಹೆಸರಿನ ಜೊತೆ ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಯಾವುದು ಕುಲನಾಮವೆಂದು ಅಚ್ಚಾಗಿದೆಯೋ ಅದನ್ನೇ, ಪ್ರತಿಯೊಬ್ಬರದ್ದನ್ನೂ, ಬರೆದು ಅಂಟಿಸಿ. ನಾವು ಬಂದ ಹೊಸದರಲ್ಲಿ ನನ್ನದೊಂದನ್ನೇ ಹಾಕಿದ್ದೆವು. ಮಗಳ ಹೆಸರಿಗೆ ಬಂದ ಆರೋಗ್ಯ ವಿಮೆಯ ಕಾರ್ಡು ವಾಪಸಾಯಿತು. ಅವಳಿಗೆ ಜ್ವರ ಏರಿದ ದಿನ ಕಾರ್ಡಿಲ್ಲದೆ ವೈದ್ಯರ ಮುಂದೆ ನಿಂತು ಅರೆಬರೆ ಜರ್ಮನ್‌ನಲ್ಲಿ ಎಲ್ಲವನ್ನೂ ವಿವರಿಸಬೇಕಾಯಿತು. ಆ ಗಾಬರಿ ನಿಮಗೆ ಬೇಡ.

ಮನೆ ಸೇರಿದ 2 ವಾರಗಳೊಳಗೆ ಬ್ಯುರ್ಗರ್‌ಬ್ಯೂರೋ ಎಂಬ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಪಾಸ್‌ಪೋರ್ಟ್, ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳ ಜೊತೆಗೆ, ನೀವು ಅಲ್ಲಿ ವಾಸವಿದ್ದೀರೆಂದು ಮನೆಯ ಮಾಲೀಕರು ಸಹಿ ಮಾಡಿದ ಹಾಳೆ ಬೇಕೇ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಬೀಗದ ಕೈ ಪಡೆಯುವಾಗಲೇ ಈ ಹಾಳೆಯನ್ನೂ ಕೇಳಿ ಪಡೆಯಿರಿ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದರ ಹಿಂದೆಯೇ ಆಕಾಶವಾಣಿ, ದೂರದರ್ಶನದ ಶುಲ್ಕ ಕೇಳುವ ಪತ್ರವೂ ಬರುತ್ತದೆ. ಟಿವಿಯೇ ಇಲ್ಲದ ಮನೆಗೂ ಬರುವುದರಿಂದ ಅನೇಕರು ಮೋಸವೆಂದು ಹರಿದು ಎಸೆದಿದ್ದಾರೆ. ಮೋಸವಲ್ಲ. 2021ರಲ್ಲಿ ನಿಗದಿಯಾದಂತೆ ತಿಂಗಳಿಗೆ 18.36 ಯೂರೋ, ಒಂದು ಮನೆಗೆ ಒಂದೇ ಶುಲ್ಕ. ಗಂಡ ಹೆಂಡತಿ ಇಬ್ಬರಿಗೂ ಪತ್ರ ಬಂದರೆ ಒಬ್ಬರು ಈಗಾಗಲೇ ಕಟ್ಟುತ್ತಿರುವುದನ್ನು ತಿಳಿಸಿ ಉತ್ತರ ಬರೆದರೆ ಸಾಕು.

ನೆರೆಮನೆಯ ಕರೆಗಂಟೆ

ನೀವಿಲ್ಲದ ಹೊತ್ತಿನಲ್ಲಿ ಪಾರ್ಸೆಲ್ ಬಂದರೆ ತಂದವರು ಅದನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಯಾರಲ್ಲಿದೆ ಎಂದು ಚೀಟಿ ಹಾಕಿ ಹೋಗುತ್ತಾರೆ. ಆ ಚೀಟಿ ಕಂಡು ಹಿಂಜರಿಯಬೇಡಿ. ನೆರೆಯವರ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಅಂದೇ ಸಂಜೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಗಂಟೆ ಒತ್ತಿ, 'ಗ್ರ್ಯೂಸ್ ಗಾಟ್' ಎಂದು ನಮಸ್ಕರಿಸಿ ಹೆಸರು ಹೇಳಿಕೊಳ್ಳಿ. ಮುಂದೊಂದು ದಿನ ಅವರ ಪಾರ್ಸೆಲ್ ನಿಮ್ಮಲ್ಲಿಗೆ ಬರುತ್ತದೆ. ಬಾಗಿಲಲ್ಲಿ ನಿಂತು ಆಡುವ ಈ ಎರಡು ಮಾತುಗಳಿಂದಲೇ ನನಗೆ ಇಲ್ಲಿ ಮೊದಲ ಆತ್ಮೀಯರು ಸಿಕ್ಕಿದ್ದು.

ಭಾಷೆ ಬಾರದೆಂಬ ಅಳುಕು ಸಹಜ. ಆದರೆ ಒಂದು ವಿಷಯದಲ್ಲಿ ಕನ್ನಡ ನಮ್ಮನ್ನು ಮೊದಲೇ ಸಿದ್ಧಪಡಿಸಿದೆ. ಜರ್ಮನ್‌ನ 'ಜೀ' ನಮ್ಮ 'ನೀವು', 'ಡೂ' ನಮ್ಮ 'ನೀನು'. ಯಾರನ್ನು ಹೇಗೆ ಕರೆಯಬೇಕೆಂಬ ಅಳತೆ ನಮಗೆ ಬಾಲ್ಯದಿಂದಲೇ ಗೊತ್ತು. ವಯಸ್ಕ ಅಪರಿಚಿತರಿಗೆ 'ಜೀ'. ಹಿರಿಯರು ತಾವಾಗಿ 'ಡೂ' ಎನ್ನೋಣವೇ ಎಂದು ಕೇಳುವವರೆಗೆ ಕಾಯಿರಿ. ನಮ್ಮಲ್ಲಿ ಅಜ್ಜಿಯನ್ನು 'ನೀನು' ಎಂದರೂ ಪ್ರೀತಿಯೇ. ಇಲ್ಲಿಯೂ ಮೊಮ್ಮಕ್ಕಳು ಅಜ್ಜಿಗೆ 'ಡೂ' ಎಂದೇ ಅನ್ನುತ್ತಾರೆ.

ನಿಮ್ಮ ಬಾಗಿಲಿಗೆ 'ಕೇರ್‌ವೋಖೆ' ಎಂದು ಬರೆದ ಫಲಕ ತೂಗುಬಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಇದು ಈ ಸ್ವಾಬಿಯಾ ಸೀಮೆಯ ಹಳೆಯ ಪದ್ಧತಿ. ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ತಪ್ಪಿಸುವಂತಿಲ್ಲ. ಎಲ್ಲರ ಓಡಾಟವಿರುವ ಹೊತ್ತಿನಲ್ಲಿ ಗುಡಿಸಿ ನೋಡಿ. ಹತ್ತಿ ಇಳಿಯುವವರು ನಿಂತು ಮಾತನಾಡಿಸುತ್ತಾರೆ. ಮುಗಿದ ಮೇಲೆ ಫಲಕವನ್ನು ಮುಂದಿನ ಬಾಗಿಲಿಗೆ ದಾಟಿಸಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಬೇಡ. ಭಾನುವಾರ ಇಡೀ ದಿನವೂ ಹಾಗೆಯೇ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತಿಲ್ಲ. ಹಬ್ಬಕ್ಕೆ ನೆಂಟರಿಷ್ಟರು ಸೇರುವುದಿದ್ದರೆ ಎರಡು ದಿನ ಮುಂಚೆ ಮೆಟ್ಟಿಲ ಬಳಿ ಚೀಟಿ ಅಂಟಿಸಿ ತಿಳಿಸಿ.

ಅಡುಗೆ ಮಾಡುವವರು ಗಮನಿಸಬೇಕಾದ ಮಾತು. ಚಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡೇ ಅನ್ನ, ಸಾರು ಕುದಿಸಿದರೆ ಹಬೆ ತಣ್ಣನೆಯ ಗೋಡೆಯಲ್ಲಿ ಕುಳಿತು ಕಪ್ಪು ಬೂಸಲು ಬೆಳೆಯುತ್ತದೆ. ಮನೆ ಬಿಡುವಾಗ ಮಾಲೀಕರೊಡನೆ ಜಗಳವಾಗುವುದು ಹೆಚ್ಚಾಗಿ ಇದರಿಂದಲೇ. ಕಿಟಕಿಯನ್ನು ಓರೆಯಾಗಿಟ್ಟು ದಿನವಿಡೀ ಬಿಡುವುದಲ್ಲ. ದಿನಕ್ಕೆ ಎರಡು ಮೂರು ಸಲ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚಿ.

ಅಂಗಡಿ, ಕಸ, ತುರ್ತು ಕರೆ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿಶ್ರಾಂತಿಗೆ ಇಲ್ಲಿ ಸಂವಿಧಾನದ ರಕ್ಷಣೆಯೇ ಇದೆ: ಜರ್ಮನಿಯ ಹಿಂದಿನ, 1919ರ ವೈಮಾರ್ ಸಂವಿಧಾನದ 139ನೇ ವಿಧಿ ಇಂದಿಗೂ ಜಾರಿಯಲ್ಲಿದೆ. ಹಾಲು, ತರಕಾರಿ ಶನಿವಾರವೇ ತಂದಿಡಿ. ಅವಸರಕ್ಕೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಪೆಟ್ರೋಲ್ ಬಂಕುಗಳು ಇವೆ.

ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡರೆ ರಸೀದಿಯಲ್ಲಿ 25 ಸೆಂಟ್ ಹೆಚ್ಚಿಗೆ ಕಾಣುತ್ತದೆ. ಅದು ಠೇವಣಿ. ಬಾಟಲಿಯನ್ನು ಜಜ್ಜದೆ ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ, ಬರುವ ಚೀಟಿಯನ್ನು ಕ್ಯಾಷಿಯರ್‌ಗೆ ಕೊಟ್ಟರೆ ಹಣ ವಾಪಸ್. ಈ ಕೆಲಸವನ್ನು ಮಕ್ಕಳಿಗೆ ವಹಿಸಿ, ಖುಷಿಯಿಂದ ಮಾಡುತ್ತಾರೆ. ಕಸ ಬೇರ್ಪಡಿಸುವ ಕ್ರಮ ಊರಿಂದೂರಿಗೆ ಸ್ವಲ್ಪ ಬದಲಾಗುವುದರಿಂದ ನಿಮ್ಮ ಕಟ್ಟಡದ ಡಬ್ಬಿಗಳ ಮೇಲಿನ ಚಿತ್ರಗಳನ್ನೇ ನೋಡಿ.

ಅಡುಗೆಮನೆಯ ಗೋಡೆಗೆ ಮೂರು ಸಂಖ್ಯೆಗಳನ್ನು ಬರೆದು ಅಂಟಿಸಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110. ರಾತ್ರಿಯೋ ರಜಾದಿನವೋ, ಪ್ರಾಣಾಪಾಯವಿಲ್ಲದಿದ್ದರೂ ವೈದ್ಯರು ಬೇಕೆನಿಸಿದರೆ 116117. ಭಾರತದ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ಮೊದಲ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಪರೀಕ್ಷೆ ಬರೆದು ಇಲ್ಲಿನದನ್ನು ಪಡೆಯಬೇಕು. ಬಾಲವಾಡಿಗೂ ಶಾಲೆಗೂ ಸೇರಿಸುವಾಗ ದಡಾರದ ಲಸಿಕೆಯ ದಾಖಲೆ ತೋರಿಸುವುದು 2020ರ ಮಾರ್ಚ್‌ನಿಂದ ಕಡ್ಡಾಯ. ಊರಲ್ಲಿ ಹಾಕಿಸಿದ ಲಸಿಕೆಯ ಪುಸ್ತಕವನ್ನು ತಪ್ಪದೆ ತನ್ನಿ.

ಭಾನುವಾರದ ತಿರುಗಾಟ

ಅಂಗಡಿ ಮುಚ್ಚಿದ ದಿನ ಮನೆಯೊಳಗೆ ಕುಳಿತರೆ ಬೇಸರ ಕವಿಯುತ್ತದೆ, ಮೊದಲ ಚಳಿಗಾಲದಲ್ಲಂತೂ ಖಂಡಿತ. ಹೊರಡಿ. ವಿಹಾರಕ್ಕಾಗಿ ಕಾಡನ್ನು ಹೊಕ್ಕು ನಡೆಯುವ ಹಕ್ಕನ್ನು ಕಾನೂನೇ ಎಲ್ಲರಿಗೂ ಕೊಟ್ಟಿದೆ, ಕಾಡು ಖಾಸಗಿಯದ್ದಾದರೂ ಸರಿ.

ಕನ್ನಡಿಗರು ನೋಡಲೇಬೇಕಾದ ಊರುಗಳೂ ಹತ್ತಿರದಲ್ಲಿವೆ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕೊನೆಯುಸಿರೆಳೆದದ್ದು ಎಸ್ಲಿಂಗನ್‌ನಲ್ಲಿ; ಎಸ್-ಬಾನ್ ಎಂಬ ನಗರ ರೈಲು ಹಿಡಿದರೆ ಅರ್ಧ ಗಂಟೆಯೂ ಬೇಡ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ತ್ಯೂಬಿಂಗನ್‌ನಲ್ಲಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಪರದೇಶದಲ್ಲಿ ಪರಭಾಷೆಯ ಒಂದೊಂದೇ ಮಾತು ಕೇಳಿ ಕಲಿತು ಬರೆದಿಟ್ಟವರು ಅವರು. ಆ ಊರಿನ ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತಾಗ, ಕಚೇರಿಯ ಕಿಟಕಿಯ ಮುಂದೆ ಎರಡನೆಯ ವಾಕ್ಯಕ್ಕೇ ತಡವರಿಸುವ ನನಗೆ ಬಹಳ ಧೈರ್ಯ ಬಂದಿತ್ತು.

ಐವರವರೆಗೆ ಸೇರಿ ಈ ರಾಜ್ಯದ ಒಂದು ದಿನದ ರೈಲು ಟಿಕೆಟ್ಟಾದ ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್ ಕೊಂಡರೆ ಖರ್ಚು ಹಂಚಿಕೊಳ್ಳಬಹುದು. ನಿಲ್ದಾಣದಲ್ಲಿ ತಡೆಗೇಟು ಇಲ್ಲವೆಂದು ಟಿಕೆಟ್ ಇಲ್ಲದೆ ಹತ್ತಬೇಡಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ 60 ಯೂರೋ. ಜೊತೆ ಬೇಕಿದ್ದರೆ ಹೊರಡುವ ಹಿಂದಿನ ಸಂಜೆ ನಮ್ಮ ಕನ್ನಡ ಸಂಘದ ಗುಂಪಿಗೆ ಒಂದು ಸಾಲು ಬರೆಯಿರಿ. ತ್ಯೂಬಿಂಗನ್‌ಗೆ ಎಷ್ಟು ಸಲ ಕರೆದರೂ ನಾನು ಬರುತ್ತೇನೆ.